ಸ್ಟೇರಿಂಗ್ ಯಾರ ಕೈಲಿ? ಪೋರ್ಷೆ 959 ಮತ್ತು ಫೆರಾರಿ ಎಫ್40

ಹಳೆಯ ಕಾರುಗಳ ವಿಡಿಯೊ ನೋಡುವ ಚಟ ಇರುವವರಿಗೆ ಈ ಎರಡು ಹೆಸರು ಹೊಸದಲ್ಲ. ಜರ್ಮನಿಯ ಪೋರ್ಷೆ 959, ಇಟಲಿಯ ಫೆರಾರಿ ಎಫ್40. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ 'ಯಾವುದು ಫಾಸ್ಟು?' ಅಂತ ಕೇಳುವ ವಿಡಿಯೊಗಳು ಬೇಕಾದಷ್ಟಿವೆ. ಉತ್ತರ ಒಂದೇ ಸಾಲಿನದು. ಕಂಪನಿಗಳ ಲೆಕ್ಕದಲ್ಲಿ 959ರ ವೇಗ ಗಂಟೆಗೆ 317 ಕಿ.ಮೀ., ಎಫ್40ಯದು 324 ಕಿ.ಮೀ. ಬರೀ ಏಳು ಕಿಲೋಮೀಟರ್ ವ್ಯತ್ಯಾಸಕ್ಕೆ ಇಷ್ಟುದ್ದ ಬರೆಯುವ ಅಗತ್ಯವಿರಲಿಲ್ಲ.

ಬರೆಯಬೇಕು ಅನ್ನಿಸಿದ್ದು ಬೇರೆ ಕಾರಣಕ್ಕೆ. ಈ ಎರಡೂ ಕಾರುಗಳ ಮೂಲ ಒಂದೇ, ಒಂದು ರೇಸಿನ ನಿಯಮ. ಆ ನಿಯಮದ ಕೆಳಗೆ ಓಡಿದ ಕಾರುಗಳಿಂದ ಜನ ಸತ್ತರು, ರೇಸು ನಿಂತುಹೋಯಿತು. ಅಷ್ಟರಲ್ಲಿ ಎರಡು ಕಂಪನಿಗಳ ಕೈಯಲ್ಲೂ ಭಯಂಕರ ಯಂತ್ರಗಳಿದ್ದವು. ಇವನ್ನು ರಸ್ತೆಗೆ ತರುವಾಗ ಒಬ್ಬರು, ಮನುಷ್ಯ ತಪ್ಪು ಮಾಡುತ್ತಾನೆ, ಯಂತ್ರ ಅವನನ್ನು ಕಾಯಬೇಕು ಅಂದರು. ಇನ್ನೊಬ್ಬರು, ಓಡಿಸುವವನ ಕೆಲಸದಲ್ಲಿ ಯಂತ್ರ ಕೈ ಹಾಕಬಾರದು ಅಂದರು. ನೀವು ಇವತ್ತು ಓಡಿಸುವ ಬೈಕಿನವರೆಗೂ ಆ ವಾದ ಬಂದು ಮುಟ್ಟಿದೆ.

ಮೊದಲು ಆ ನಿಯಮ. 1982ರಲ್ಲಿ ಕಾರ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ 'ಗ್ರೂಪ್ ಬಿ' ಅಂತ ಹೊಸ ವರ್ಗವೊಂದನ್ನು ತಂದಿತು. ಹಿಂದೆ ಇಂಥ ರೇಸಿಗೆ ಇಳಿಯಬೇಕಾದರೆ ಒಂದೇ ಮಾದರಿಯ 400 ಕಾರು ತಯಾರಿಸಿ ತೋರಿಸಬೇಕಿತ್ತು. ಈಗ 200 ಸಾಕು. ಎಂಜಿನ್ನಿನ ಬಲಕ್ಕೂ ಹೆಚ್ಚಿನ ಲಗಾಮು ಇರಲಿಲ್ಲ. ಕಂಪನಿಗಳಿಗೆ ಹೋಳಿಗೆ ಊಟಕ್ಕೆ ಕರೆದಂತಾಯಿತು.

ಇಲ್ಲೊಂದು ಲೆಕ್ಕ ಹೇಳಬೇಕು, ಆಮೇಲೆ ಉಪಯೋಗಕ್ಕೆ ಬರುತ್ತದೆ. ಟರ್ಬೊ ಇರುವ ಎಂಜಿನ್ ಬಲ ಜಾಸ್ತಿ ಕೊಡುತ್ತದೆ ಅಂತ, ನಿಯಮದಲ್ಲಿ ಅದರ ಸಿಸಿಯನ್ನು 1.4ರಿಂದ ಗುಣಿಸಿ ಲೆಕ್ಕ ಹಿಡಿಯುತ್ತಿದ್ದರು. ನಾಲ್ಕು ಲೀಟರ್ ಮಿತಿಯ ಒಳಗೆ ಇರಬೇಕಾದರೆ ಟರ್ಬೊ ಎಂಜಿನ್ 2,857 ಸಿಸಿ ದಾಟುವಂತಿಲ್ಲ. ಪೋರ್ಷೆ 959ರ ಎಂಜಿನ್ 2,849 ಸಿಸಿ. ಫೆರಾರಿ ಇದೇ ವರ್ಗಕ್ಕೆಂದು 1984ರಲ್ಲಿ ತೋರಿಸಿದ 288 ಜಿಟಿಒ 2,855 ಸಿಸಿ. ಬೇರೆ ಬೇರೆ ದೇಶದ ಇಬ್ಬರು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದದ್ದು ಹೀಗೆ ಗೊತ್ತಾಗುತ್ತದೆ.

ಈಗ ಪೋರ್ಷೆ ಕಡೆ ಹೋಗೋಣ. ಆ ಕಂಪನಿಯ ಹೆಸರಾಂತ ಕಾರು 911. 1963ರಿಂದ ಇತ್ತು, ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ಇಷ್ಟು ಭಾರ ಬಾಲದಲ್ಲಿದ್ದರೆ ತಿರುವಿನಲ್ಲಿ ಹಿಂಬದಿ ಜಾರುವ ಅಪಾಯ, ಸಾಮಾನು ಪೂರ್ತಿ ಹಿಂದಕ್ಕೆ ಪೇರಿಸಿದ ಎತ್ತಿನಗಾಡಿಯ ಹಾಗೆ. ಈ ಕಾರಿಗೆ ವಯಸ್ಸಾಯಿತು, ನಿಲ್ಲಿಸಿಬಿಡೋಣ ಅಂತ 1970ರ ದಶಕದ ಕೊನೆಯಲ್ಲಿ ಕಂಪನಿ ತೀರ್ಮಾನಿಸಿತ್ತು. 1981ರಲ್ಲಿ ಪೀಟರ್ ಶುಟ್ಸ್ ಮುಖ್ಯಸ್ಥರಾಗಿ ಬಂದರು. ಮುಖ್ಯ ಎಂಜಿನಿಯರ್ ಹೆಲ್ಮುಟ್ ಬೋಟ್ ಅವರ ಕೋಣೆಯ ಗೋಡೆಯಲ್ಲಿ ಪ್ರತಿ ಕಾರಿನ ಭವಿಷ್ಯದ ನಕ್ಷೆ ತೂಗುಹಾಕಿತ್ತು. 911ರ ಗೆರೆ 1981ಕ್ಕೇ ಮುಗಿದಿತ್ತು. ಶುಟ್ಸ್ ಮಾರ್ಕರ್ ತೆಗೆದುಕೊಂಡು ಆ ಗೆರೆಯನ್ನು ನಕ್ಷೆಯಾಚೆ ಗೋಡೆಯ ಮೇಲೂ ಎಳೆದುಬಿಟ್ಟರಂತೆ. ಶುಟ್ಸ್ ಅವರೇ ಹೇಳಿಕೊಂಡ ಕಥೆ ಇದು.

ಗೆರೆ ಎಳೆದದ್ದಾಯಿತು, ಆದರೆ ಇಪ್ಪತ್ತು ವರ್ಷ ಹಳೆಯ ಕಾರನ್ನು ಮುಂದೆ ಎಲ್ಲಿಯವರೆಗೆ ಒಯ್ಯಬಹುದು? ಅದನ್ನು ಪರೀಕ್ಷೆ ಮಾಡಿ ನೋಡುವುದಕ್ಕೆ ಬೋಟ್ ಕೈಗೆತ್ತಿಕೊಂಡದ್ದೇ 959. 1983ರಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಮೇಳದಲ್ಲಿ ಮಾದರಿ ಕಾರು ನಿಲ್ಲಿಸಿದರು. ಹೆಸರೇ 'ಗ್ರುಪ್ಪೆ ಬಿ'. ಗ್ರಾಹಕರ ಕೈಗೆ ಕಾರು ಸಿಗುವ ಹೊತ್ತಿಗೆ 1987 ಬಂದಿತ್ತು. ನಾಲ್ಕು ವರ್ಷ ಅವರು ಒಂದರ ಮೇಲೊಂದು ಹೊಸ ವಿದ್ಯೆ ಸೇರಿಸುತ್ತಲೇ ಹೋದರು.

ಪರೀಕ್ಷೆಗೆ ಆರಿಸಿಕೊಂಡ ಜಾಗ ಮಾತ್ರ ಸಾಮಾನ್ಯದ್ದಲ್ಲ. ಪ್ಯಾರಿಸ್–ಡಾಕರ್ ರ‍್ಯಾಲಿ. ಫ್ರಾನ್ಸಿನಿಂದ ಹೊರಟು ಸಹಾರಾ ಮರುಭೂಮಿ ದಾಟಿ ಸೆನೆಗಲ್ ದೇಶದ ರಾಜಧಾನಿ ಡಾಕರ್ ಮುಟ್ಟಬೇಕು. ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಮರಳು ಮತ್ತು ಕಲ್ಲು. 1986ರ ಜನವರಿಯಲ್ಲಿ ಮೂರು 959 ಹೊರಟವು. ರೆನೆ ಮೆಟ್ಜ್ ಮೊದಲು ಬಂದರು, ಜಾಕಿ ಇಕ್ಸ್ ಎರಡನೆಯವರು. ಮೂರನೆಯ ಕಾರನ್ನು ಪೋರ್ಷೆಯ ಎಂಜಿನಿಯರ್ ರೋಲಾಂಡ್ ಕುಸ್‌ಮೌಲ್ ಓಡಿಸುತ್ತಿದ್ದರು. ಉಳಿದೆರಡು ಕಾರಿಗೆ ಬೇಕಾದ ಬಿಡಿಭಾಗ ಹೊತ್ತುಕೊಂಡು ಹಿಂದೆ ಬರುವುದು ಅದರ ಕೆಲಸ. ಬಿಡಿಭಾಗ ಹೊತ್ತೇ ಆ ಕಾರು ಆರನೆಯ ಸ್ಥಾನ ಪಡೆಯಿತು! ಗೆದ್ದ ಕಾರಿಗಿಂತ ನನಗೆ ಇದರ ಮೇಲೆಯೇ ಪ್ರೀತಿ.

ಅದೇ ರ‍್ಯಾಲಿಯ ನಡುವೆ, ಜನವರಿ 14ರಂದು, ಮಾಲಿ ದೇಶದಲ್ಲಿ ಹೆಲಿಕಾಪ್ಟರ್ ಬಿತ್ತು. ರ‍್ಯಾಲಿಯನ್ನು ಹುಟ್ಟುಹಾಕಿದ ಥಿಯೆರಿ ಸಬೀನ್ ಮತ್ತು ಫ್ರಾನ್ಸಿನ ಗಾಯಕ ಡೇನಿಯಲ್ ಬಾಲವ್ವಾನ್ ಸೇರಿ ಐವರು ಸತ್ತರು. ಆ ಐವರಲ್ಲಿ ಸುದ್ದಿ ಮಾಡಲು ಹೋಗಿದ್ದ ಪತ್ರಕರ್ತೆಯೂ ಒಬ್ಬರು.

ಆ ವರ್ಷದ ಸಾವು ಅಲ್ಲಿಗೆ ನಿಲ್ಲಲಿಲ್ಲ. ಮಾರ್ಚಿನಲ್ಲಿ ಪೋರ್ಚುಗಲ್ ರ‍್ಯಾಲಿ. ಗ್ರೂಪ್ ಬಿ ಕಾರುಗಳನ್ನು ನೋಡಲು ಜನ ರಸ್ತೆಯ ಮೇಲೇ ನಿಲ್ಲುತ್ತಿದ್ದರು, ಕಾರು ಹತ್ತಿರ ಬಂದಾಗ ಸರಿದು ದಾರಿ ಬಿಡುತ್ತಿದ್ದರು. ಕೆಲವರು ಹಾದುಹೋಗುವ ಕಾರನ್ನು ಮುಟ್ಟಲು ಕೈ ಚಾಚುತ್ತಿದ್ದರು. ನಮ್ಮಲ್ಲಿ ತೇರಿನ ಗಾಲಿಯ ಹತ್ತಿರ ನುಗ್ಗುವವರನ್ನು ನೋಡಿದವರಿಗೆ ಈ ಹುಚ್ಚು ಅರ್ಥವಾಗುತ್ತದೆ. ಒಂದು ಫೋರ್ಡ್ ಕಾರು ಜಾರಿ ಗುಂಪಿನೊಳಕ್ಕೆ ನುಗ್ಗಿತು. ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು.

ಮೇ 2ರಂದು ಕಾರ್ಸಿಕಾ ದ್ವೀಪದಲ್ಲಿ ಇನ್ನೊಂದು. ಫಿನ್ಲೆಂಡಿನ ಹೆನ್ರಿ ಟೊಯ್ವೊನೆನ್‌ಗೆ 29 ವರ್ಷ, ರ‍್ಯಾಲಿಯಲ್ಲಿ ಮುಂದೆ ಇದ್ದ. ಪಕ್ಕದಲ್ಲಿ ದಾರಿ ಹೇಳುವ ಸೆರ್ಜಿಯೊ ಕ್ರೆಸ್ಟೊ. ಅವರ ಲ್ಯಾನ್ಸಿಯಾ ಕಾರು ಒಂದು ಎಡತಿರುವಿನಲ್ಲಿ ರಸ್ತೆ ಬಿಟ್ಟು ಮರಗಳ ನಡುವೆ ಉರುಳಿ ಹೊತ್ತಿಕೊಂಡಿತು. ಇಬ್ಬರೂ ಬದುಕಲಿಲ್ಲ. ಉಳಿದದ್ದು ಕಪ್ಪಾದ ಕಬ್ಬಿಣದ ಚೌಕಟ್ಟು ಮಾತ್ರ. ಹಿಂದಿನ ವರ್ಷ ಇದೇ ರ‍್ಯಾಲಿಯಲ್ಲಿ, ಇದೇ ಮೇ 2ರಂದು, ಅಟಿಲಿಯೊ ಬೆಟ್ಟೆಗಾ ಎಂಬ ಚಾಲಕ ಸತ್ತಿದ್ದ.

ಸಂಸ್ಥೆಯ ಅಧ್ಯಕ್ಷ ಜಾನ್-ಮಾರಿ ಬಲೆಸ್ಟ್ರ್ ತಕ್ಷಣವೇ ಘೋಷಿಸಿದರು: 1987ರಿಂದ ಗ್ರೂಪ್ ಬಿ ರ‍್ಯಾಲಿ ಇಲ್ಲ.

ಪೋರ್ಷೆಗೂ ಫೆರಾರಿಗೂ ಈಗ ಓಡಿಸಲು ರೇಸೇ ಇಲ್ಲ. ಮುಂದೆ ಇಬ್ಬರೂ ಹಿಡಿದ ದಾರಿ ಬೇರೆಯಾಗುವುದು ಇಲ್ಲಿಂದ.

ಪೋರ್ಷೆ ತನ್ನ ಕಾರನ್ನು ರಸ್ತೆಗೆಂದೇ ಹದ ಮಾಡಿ ಮುಗಿಸಿತು. 959ರಲ್ಲಿ 450 ಎಚ್‌ಪಿ. ನಮ್ಮ ಹೊಲದ 5 ಎಚ್‌ಪಿ ಪಂಪ್‌ಸೆಟ್ಟುಗಳನ್ನು ತೊಂಬತ್ತು ಒಟ್ಟಿಗೆ ಚಾಲೂ ಮಾಡಿದಷ್ಟು. ಈ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಎಷ್ಟು ಮುಂದಕ್ಕೆ, ಎಷ್ಟು ಹಿಂದಕ್ಕೆ ಎಂಬುದನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತದೆ. ರಸ್ತೆ ಒಣಗಿದೆಯೋ, ಒದ್ದೆಯೋ, ಹಿಮ ಬಿದ್ದಿದೆಯೋ ಅಂತ ಸ್ಟೇರಿಂಗ್ ಪಕ್ಕದ ಕಡ್ಡಿಯಲ್ಲಿ ಹೇಳಿದರೆ ಆಯಿತು. ಎಬಿಎಸ್ ಇತ್ತು. ಕಾರಿನ ಎತ್ತರ ಏರಿಸಬಹುದಿತ್ತು, ವೇಗ ಹೆಚ್ಚಿದಂತೆ ತಾನೇ ತಗ್ಗುತ್ತಿತ್ತು. ಚಕ್ರದ ಕಡ್ಡಿಗಳು ಒಳಗೆ ಟೊಳ್ಳು, ಅವುಗಳಲ್ಲೂ ಗಾಳಿ. ಗಾಳಿ ಇಳಿದರೆ ಚಾಲಕನಿಗೆ ಎಚ್ಚರಿಕೆ ಬರುತ್ತಿತ್ತು. ಟಯರಿನ ಗಾಳಿ ಅಳೆದು ಹೇಳುವ ಈ ಏರ್ಪಾಡು ರಸ್ತೆ ಕಾರಿಗೆ ಬಂದದ್ದು ಇದೇ ಮೊದಲು. ಒಳಗೆ ಚರ್ಮದ ಸೀಟು, ಏಸಿ, ಎಲ್ಲ ಇತ್ತು. ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.7 ಸೆಕೆಂಡು. ತೂಕ 1,450 ಕೆ.ಜಿ.

ಗೇರು ಆರು. ಆದರೆ ಮೊದಲ ಗೇರಿನ ಮೇಲೆ 1 ಅಂತ ಬರೆದಿರಲಿಲ್ಲ, ಜಿ ಅಂತ ಬರೆದಿತ್ತು. ಜರ್ಮನ್ ಭಾಷೆಯಲ್ಲಿ 'ಗೆಲೆಂಡೆ', ಅಂದರೆ ಕಾಡುಮೇಡು.

ಇನ್ನು ಇಟಲಿ. ಎಂಜೊ ಫೆರಾರಿಗೆ ಆಗ 88 ದಾಟಿತ್ತು. ಈ ಮನುಷ್ಯನಿಗೆ ರೇಸಿನ ಸಾವು ಹೊಸದಲ್ಲ. 1957ರ ಮೇ 12ರಂದು 'ಮಿಲ್ಲೆ ಮಿಲಿಯಾ' ಅನ್ನುವ ರೇಸು, ಇಟಲಿಯ ಸಾಮಾನ್ಯ ರಸ್ತೆಗಳಲ್ಲೇ ಸಾವಿರ ಮೈಲಿ. ಗ್ವಿದಿತ್ಸೊಲೊ ಎಂಬ ಊರಿನ ಹತ್ತಿರ ಫೆರಾರಿ ಕಾರೊಂದರ ಟಯರು ಒಡೆದು, ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದವರ ಮೇಲೆ ಎಗರಿತು. ಒಂಬತ್ತು ಜನ ಸತ್ತರು, ಅವರಲ್ಲಿ ಐವರು ಮಕ್ಕಳು. ಕಾರಿನಲ್ಲಿದ್ದ ಇಬ್ಬರೂ ಸತ್ತರು. ಎಂಜೊ ಮೇಲೆ ಮೊಕದ್ದಮೆ ಹೂಡಿದರು, 1961ರಲ್ಲಿ ನಿರ್ದೋಷಿ ಅಂತ ತೀರ್ಪು ಬಂತು. ರೇಸು ಬಂದಾಗ ಮನೆಮುಂದೆ ಮಕ್ಕಳನ್ನು ಎತ್ತಿಕೊಂಡು ನಿಂತ ಹಳ್ಳಿಯವರ ಕಥೆ ಫೆರಾರಿಯ ಪೋಸ್ಟರಿನಲ್ಲಿ ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದೆ.

288 ಜಿಟಿಒ 272 ಮಾರಾಟವಾಗಿದ್ದವು. ಅದನ್ನೇ ರೇಸಿಗೆಂದು ತಿದ್ದಿದ 'ಎವೊಲುತ್ಸಿಯೋನೆ' ಎಂಬ ಕೆಲವೇ ಕಾರು ಸಿದ್ಧವಾಗಿದ್ದವು. ಗ್ರೂಪ್ ಬಿ ಹೋದ ಮೇಲೆ ಅವಕ್ಕೆ ಕೆಲಸವಿರಲಿಲ್ಲ. ಎಂಜಿನಿಯರ್ ನಿಕೋಲಾ ಮಾತೆರಾತ್ಸಿ ಮತ್ತು ಜೊತೆಗಾರರು ಅದೇ ಅನುಭವದ ಮೇಲೆ ರಸ್ತೆ ಕಾರು ಮಾಡಲು ಹೊರಟರು. ಪೋರ್ಷೆಗೆ ನಾಲ್ಕು ವರ್ಷ ಹಿಡಿದ ಕೆಲಸ ಇಲ್ಲಿ ಸುಮಾರು ಒಂದು ವರ್ಷದಲ್ಲಿ ಮುಗಿಯಿತು. ಹೊರಮೈ ಪಿನಿನ್‌ಫರಿನಾ ಕಂಪನಿಯದು. 1987ರ ಜುಲೈ 21ರಂದು ಮರನೆಲ್ಲೊದಲ್ಲಿ ಎಂಜೊ ಎದುರಿಗೇ ಕೆಂಪು ಕಾರಿನ ಮುಸುಕು ತೆಗೆದರು. ಕಂಪನಿ ಕಾರು ತಯಾರಿಸಲು ಶುರುಮಾಡಿ 40 ವರ್ಷ, ಅದಕ್ಕೆ ಎಫ್40.

ಇದರ ಎಂಜಿನ್ 2,936 ಸಿಸಿ. ಮೇಲೆ ಹೇಳಿದ 2,857ರ ಗೆರೆ ನೆನಪಿದೆಯೇ? ಅದನ್ನು ದಾಟಿದೆ. ರೇಸಿನ ನಿಯಮವೇ ಇಲ್ಲವಾದ ಮೇಲೆ ಯಾರಿಗೆ ಹೆದರಬೇಕು.

959ರಲ್ಲಿ ಏನೇನು ಇತ್ತೋ ಎಫ್40ಯಲ್ಲಿ ಅದರಲ್ಲಿ ಬಹುಪಾಲು ಇರಲಿಲ್ಲ. ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಅದೂ 478 ಎಚ್‌ಪಿ. ಎಬಿಎಸ್ ಇಲ್ಲ. ಪವರ್ ಸ್ಟೇರಿಂಗ್ ಇಲ್ಲ. ಬ್ರೇಕಿಗೆ ಸಹಾಯಕ ಬೂಸ್ಟರ್ ಕೂಡ ಇಲ್ಲ, ಕಾಲಿನ ಬಲವೇ ಬ್ರೇಕು. ರೇಡಿಯೊ, ಕಾರ್ಪೆಟ್ ಇಲ್ಲ. ಒಳಗಿನಿಂದ ಬಾಗಿಲು ತೆಗೆಯಲು ಹಿಡಿಕೆ ಇಲ್ಲ, ಒಂದು ತಂತಿ ಇದೆ, ಎಳೆಯಬೇಕು. ಮೊದಮೊದಲ ಕಾರುಗಳಲ್ಲಿ ಕಿಟಕಿಗೆ ಗಾಜಿನ ಬದಲು ಸರಿಸುವ ಪ್ಲಾಸ್ಟಿಕ್ಕು. ಕಾರ್ಬನ್ ಫೈಬರ್ ಹಲಗೆಗಳನ್ನು ಅಂಟಿಸಿದ ಹಸಿರು ಅಂಟು ಅಲ್ಲಲ್ಲಿ ಕಣ್ಣಿಗೇ ಕಾಣುತ್ತದೆ. ಏಸಿ ಮಾತ್ರ ಕೊಟ್ಟಿದ್ದರು, ಇಲ್ಲದಿದ್ದರೆ ಬೆನ್ನ ಹಿಂದಿನ ಎಂಜಿನ್ನಿನ ಬಿಸಿಗೆ ಕೂರಲು ಆಗುತ್ತಿರಲಿಲ್ಲ. ಇಷ್ಟೆಲ್ಲ ಕಳೆದ ಮೇಲೆ ತೂಕ, ಎಣ್ಣೆ ನೀರು ಬಿಟ್ಟು, ಸುಮಾರು 1,100 ಕೆ.ಜಿ.ಗೆ ಇಳಿಯಿತು.

ವ್ಯತ್ಯಾಸ ಚೆನ್ನಾಗಿ ತಿಳಿಯುವುದು ಟರ್ಬೊದಲ್ಲಿ. ಟರ್ಬೊ ಏನೆಂದು ಊರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುತ್ತಾರೆ. ಎಂಜಿನ್ ಬಿಡುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಗಾಲಿ ತಿರುಗುತ್ತದೆ, ಆ ಗಾಲಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಗಾಳಿ ಹೆಚ್ಚಿದರೆ ಇಂಧನವೂ ಹೆಚ್ಚು ಉರಿಯುತ್ತದೆ. ತೊಡಕೇನೆಂದರೆ, ಹೊಗೆ ಸಾಕಷ್ಟು ಬರುವವರೆಗೆ ಗಾಲಿ ತಿರುಗುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಒದೆಯುತ್ತದೆ.

ಎರಡೂ ಕಾರಿನಲ್ಲಿ ಎರಡೆರಡು ಟರ್ಬೊ. ಪೋರ್ಷೆಯಲ್ಲಿ ಎಂಜಿನ್ ನಿಧಾನ ಇರುವಾಗ ಹೊಗೆಯೆಲ್ಲ ಒಂದೇ ಟರ್ಬೊಗೆ ಹೋಗುತ್ತದೆ, ಅದು ಬೇಗ ಎದ್ದೇಳುತ್ತದೆ. ವೇಗ ಹೆಚ್ಚಿದ ಮೇಲೆ ಎರಡನೆಯದು ಸೇರಿಕೊಳ್ಳುತ್ತದೆ. ಒದೆತ ಮೆತ್ತಗಾಗುತ್ತದೆ. ಫೆರಾರಿಯಲ್ಲಿ ಎರಡೂ ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಒದೆಯುತ್ತವೆ. ಒದ್ದೆ ರಸ್ತೆಯ ತಿರುವಿನಲ್ಲಿ ಆ ಕ್ಷಣ ಬಂದರೆ ಏನಾಗುತ್ತದೆ ಎಂಬುದು ಓಡಿಸುವವನ ಅನುಭವಕ್ಕೆ ಬಿಟ್ಟ ವಿಷಯ. ಈ ಒದೆತವೇ ಎಫ್40ಯ ರುಚಿ ಅನ್ನುವವರಿದ್ದಾರೆ. ಆ ರುಚಿಯನ್ನು ನಾನು ತಳ್ಳಿಹಾಕುವುದಿಲ್ಲ. ಹಳೇ ಬುಲೆಟ್ ಕಿಕ್ ಹೊಡೆದು ಚಾಲೂ ಮಾಡಿದವನಿಗೆ ಸಿಗುವ ಖುಷಿ ಬಟನ್ ಒತ್ತಿದವನಿಗೆ ಸಿಗುವುದಿಲ್ಲವಲ್ಲ.

ಆದರೂ ನನ್ನ ಒಲವು 959ರ ಕಡೆ. ಕಾರಣ ನನ್ನ ಕೆಲಸದಲ್ಲಿದೆ. ಅಪಘಾತದ ಸುದ್ದಿ ಕಳಿಸುವ ನಮ್ಮಂಥವರು ಮತ್ತೆ ಮತ್ತೆ ಬರೆಯುವ ಮಾತೊಂದಿದೆ: 'ಚಾಲಕನ ನಿಯಂತ್ರಣ ತಪ್ಪಿ'. ಪೊಲೀಸರ ಎಫ್‌ಐಆರಿನಲ್ಲೂ ಅದೇ, ಪತ್ರಿಕೆಯಲ್ಲೂ ಅದೇ. ಆ ಮಾತಿನಲ್ಲಿ ತಪ್ಪೆಲ್ಲ ಚಾಲಕನದು. ರಸ್ತೆಯ ಗುಂಡಿ, ಸವೆದ ಟಯರು, ಚಕ್ರ ಕಚ್ಚಿಕೊಳ್ಳುವ ಬ್ರೇಕು, ಯಾವುದೂ ಅದರಲ್ಲಿಲ್ಲ. ಚಾಲಕನ ಕೈ ತಪ್ಪುವ ಆ ಅರೆಕ್ಷಣದಲ್ಲಿ ಯಂತ್ರ ಏನು ಮಾಡಬೇಕು ಅಂತ ಬೋಟ್ ಅವರ ಎಂಜಿನಿಯರುಗಳು ನಾಲ್ಕು ವರ್ಷ ಕೂತು ಯೋಚಿಸಿದರು. ನನಗೆ ದೊಡ್ಡದಾಗಿ ಕಾಣುವುದು ಆ ಯೋಚನೆ.

ವ್ಯಾಪಾರದಲ್ಲಿ ಗೆದ್ದದ್ದು ಮಾತ್ರ ಫೆರಾರಿ. 959ರ ಬೆಲೆ 4,20,000 ಜರ್ಮನ್ ಮಾರ್ಕ್. ಅಷ್ಟು ದುಡ್ಡು ತೆಗೆದುಕೊಂಡೂ ಪೋರ್ಷೆಗೆ ಪ್ರತಿ ಕಾರಿನಲ್ಲೂ ನಷ್ಟವೇ, ತಯಾರಿಯ ಖರ್ಚು ಅದಕ್ಕಿಂತ ಬಹಳ ಹೆಚ್ಚಾಗಿತ್ತು. ಒಟ್ಟು 292 ಕಾರು ಗ್ರಾಹಕರಿಗೆ ಕೊಟ್ಟು ನಿಲ್ಲಿಸಿದರು. ಎಫ್40 ಬರೀ 400 ಮಾಡುವ ಯೋಚನೆಯಿತ್ತು, 1992ರ ಹೊತ್ತಿಗೆ 1,300 ದಾಟಿತು. ಎಂಜೊ ಫೆರಾರಿ 1988ರ ಆಗಸ್ಟ್ 14ರಂದು ತೀರಿಕೊಂಡರು. ಅವರು ಕಣ್ಣಾರೆ ನೋಡಿ ಒಪ್ಪಿದ ಕೊನೆಯ ಕಾರು ಎಂಬ ಮಾತು ಎಫ್40ಗೆ ಅಂಟಿಕೊಂಡಿತು. ಕೊಂಡು ಮಾರುವವರು ಮುಗಿಬಿದ್ದರು. ಇವತ್ತಿಗೂ ಹರಾಜಿನಲ್ಲಿ, ಸಂಖ್ಯೆಯಲ್ಲಿ ನಾಲ್ಕು ಪಟ್ಟು ಹೆಚ್ಚಿರುವ ಎಫ್40ಗೇ ಸಾಮಾನ್ಯವಾಗಿ 959ಕ್ಕಿಂತ ಹೆಚ್ಚು ದುಡ್ಡು.

ಆದರೆ ಮಕ್ಕಳು ಮರಿ ಯಾರಿಗೆ ಹೆಚ್ಚು ಅಂತ ನೋಡಿದರೆ ಲೆಕ್ಕ ತಿರುಗುತ್ತದೆ. 1989ರಲ್ಲಿ ಪೋರ್ಷೆ 911 ಕ್ಯಾರೆರಾ 4 ಬಂತು, ನಾಲ್ಕೂ ಚಕ್ರಕ್ಕೆ ಬಲ. 1995ರ 911 ಟರ್ಬೊದಲ್ಲಿ ನಾಲ್ಕು ಚಕ್ರದ ಬಲದ ಜೊತೆಗೆ ಎರಡು ಟರ್ಬೊ. ನಿಲ್ಲಬೇಕಿದ್ದ 911 ಇವತ್ತಿಗೂ ತಯಾರಾಗುತ್ತಿದೆ. ಟಯರಿನ ಗಾಳಿ ಇಳಿದರೆ ಮುಂದೆ ದೀಪ ಹತ್ತುವ ಏರ್ಪಾಡು ಈಗ ನಮ್ಮಲ್ಲಿ ಮಧ್ಯಮ ವರ್ಗದ ಕಾರುಗಳಲ್ಲೂ ಇದೆ. ಎಬಿಎಸ್ 959ರ ಆವಿಷ್ಕಾರವಲ್ಲ, 1978ರಲ್ಲೇ ಮರ್ಸಿಡಿಸ್ ಕಾರಿನಲ್ಲಿ ಬಂದಿತ್ತು. ಆದರೆ ಇಷ್ಟು ವೇಗದ ಕಾರಿಗೂ ಅದು ಬೇಕು, ಅದರಿಂದ ಓಡಿಸುವವನ ಮರ್ಯಾದೆ ಹೋಗುವುದಿಲ್ಲ ಅಂತ 959 ತೋರಿಸಿತು. ಭಾರತದಲ್ಲಿ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರಿಂದ ಎಬಿಎಸ್ ಕಡ್ಡಾಯ. ಮಳೆಯಲ್ಲಿ ಎದುರಿಗೆ ದನ ಬಂದು ಬ್ರೇಕ್ ಹಿಡಿದಾಗ ಲಿವರಿನಲ್ಲಿ ಟಕಟಕ ಅನ್ನುತ್ತದಲ್ಲ, ಅದೇ.

ಇನ್ನೊಂದು ಸಂಗತಿ ಉಳಿದಿದೆ, ಓದಿದಾಗ ನಗು ಬಂದದ್ದು. ಅಮೆರಿಕದಲ್ಲಿ ಹೊಸ ಕಾರು ಮಾರಬೇಕಾದರೆ ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡಬೇಕು. ಅದಕ್ಕೆ ನಾಲ್ಕು 959 ಕೊಡಲು ಪೋರ್ಷೆ ಒಪ್ಪಲಿಲ್ಲ. ಹಾಗಾಗಿ ಆ ಕಾರಿಗೆ ಅಲ್ಲಿ ಪ್ರವೇಶವೇ ಸಿಗಲಿಲ್ಲ. ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಒಂದನ್ನು ಕೊಂಡು ತರಿಸಿದರು. ಕಸ್ಟಮ್ಸ್‌ನವರು ತಡೆದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಟ್ಟುಕೊಂಡರು. ಸುಮಾರು 13 ವರ್ಷ ಕಾರು ಅಲ್ಲೇ ನಿಂತಿತ್ತು. 1990ರ ದಶಕದ ಕೊನೆಗೆ, ಚಾರಿತ್ರಿಕ ಮಹತ್ವದ ಕಾರುಗಳನ್ನು ವರ್ಷಕ್ಕೆ 2,500 ಮೈಲಿ, ಅಂದರೆ ಸುಮಾರು 4,000 ಕಿ.ಮೀ. ಮಾತ್ರ ಓಡಿಸಬಹುದು ಎಂಬ ಕಾನೂನು ಬಂದ ಮೇಲೆಯೇ ಅದು ಹೊರಬಂದದ್ದು. ಎಬಿಎಸ್ ಕೂಡ ಇಲ್ಲದ ಎಫ್40 ಮಾತ್ರ ಅಷ್ಟರಲ್ಲಿ ಅಲ್ಲಿನ ಪರೀಕ್ಷೆಗಳನ್ನು ಮುಗಿಸಿ, ಅಧಿಕೃತ ಅಂಗಡಿಗಳಲ್ಲಿ 200ಕ್ಕೂ ಹೆಚ್ಚು ಮಾರಾಟವಾಗಿತ್ತು.